ಮೊದಲ ತುತ್ತಿನ ಕೈ

ಫಕೀರವ್ವ ಬೆಳಗಿನಿಂದ ಕೈಗಳನ್ನೇ ನೋಡುತ್ತಿದ್ದಳು. ಬೀರಪ್ಪನ ಗುಡಿಯ ಅಡುಗೆಮನೆಯ ಬಾಗಿಲಲ್ಲಿ ಕೂತು, ಶ್ರಾವಣದ ಊರೂಟದ ಕೆಲಸಕ್ಕೆ ಬಂದ ಒಬ್ಬೊಬ್ಬರಿಗೂ ಬೂದಿ ಕೊಟ್ಟು, ನೀರು ಸುರಿದು, ಅಂಗೈ ಮುಂಗೈ ತಿರುಗಿಸಿ ನೋಡಿ ಒಳಗೆ ಬಿಡುವುದು. ಸೊಂಟ ಸೋತು ಹೋಗಿತ್ತು. ಕೈ ತೋರಿಸುವವರ ಮಾತು ಕೇಳಿ ಕೇಳಿ ತಲೆಯೂ ಸೋತಿತ್ತು.

"ಚೊಲೋತ್ನಾಗಿ ನೋಡವಾ, ಇನ್ನೊಂದ ಲಗ್ನದ ಗೆರಿ ಐತೇನ?" ಎಂದು ಹಲ್ಲಿಲ್ಲದ ಭರಮವ್ವ ಕೈ ಚಾಚಿದಳು.

"ಗೆರಿ ಇಲ್ಲ. ಉಗರಾಗ ಸೆಗಣಿ ಐತಿ. ಇನ್ನೊಮ್ಮಿ ತೊಳಿ."

ಹೋದ ಶ್ರಾವಣದಲ್ಲಿ ಇದೇ ಗುಡಿಯ ಊಟ ಉಂಡು ಅರ್ಧ ಊರು ವಾಂತಿಭೇದಿಗೆ ಬಿದ್ದಿತ್ತು. ಉದ್ದಪ್ಪನ ಮುದಿ ತಾಯಿ ಸತ್ತಳು. ಹೇಗೂ ಸಾಯುವವಳೇ ಇದ್ದಳು ಎಂದು ಕೆಲವರು ಅಂದರು. ಉದ್ದಪ್ಪ ಹಾಗೆ ಅನ್ನಲಿಲ್ಲ. ಮೂಡಲಗಿಯಿಂದ ಬಂದ ಕಂಪೌಂಡರ ಗುಡಿಯ ಕಟ್ಟೆಯ ಮೇಲೆ ನಿಂತು ಜೋರಾಗಿ ಹೇಳಿ ಹೋಗಿದ್ದ: ಕೈಯಲ್ಲಿ ಹುಣ್ಣು, ಕೀವು ಇದ್ದವರು, ಹೊಟ್ಟೆ ಕೆಟ್ಟವರು ಅಡುಗೆ ಮುಟ್ಟಬಾರದು, ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ಎಲ್ಲರೂ ತಲೆ ಆಡಿಸಿದರು. ಇದನ್ನು ನಡೆಸುವವರು ಯಾರು ಎಂಬ ಮಾತು ಬಂದಾಗ ಪೂಜಾರಿ ಬೀರಸಿದ್ದಪ್ಪ ಫಕೀರವ್ವನ ಕಡೆ ಕೈ ತೋರಿಸಿದ. ಕೊಪ್ಪರಿಗೆಯ ಮುಂದೆ ನಿಲ್ಲುವವಳು ಅವಳೇ. ಇನ್ನೊಮ್ಮೆ ಹೀಗಾದರೆ ಅಡುಗೆಮನೆ ಬಿಡಬೇಕು ಎಂದೂ ಅಂದ.

ಗಂಡ ಸತ್ತ ಮೇಲೆ ಮದುವೆಗೆ, ತೊಟ್ಟಿಲಿಗೆ ಅವಳನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ. ಊರಲ್ಲಿ ಅವಳ ಮಾತು ನಡೆಯುತ್ತಿದ್ದದ್ದು ಹೊಗೆ ತುಂಬಿದ ಈ ಕೋಣೆಯಲ್ಲಿ ಮಾತ್ರ.

ಹುಗ್ಗಿ ಇಳಿಸುವ ಹೊತ್ತಿಗೆ ಮಾಲಿಂಗಪ್ಪ ಬಂದ. ಜೋಳದ ನುಚ್ಚಿಗೆ ಮೊಸರು ಹಾಕಿ, ದೊಡ್ಡ ಪರಾತದಲ್ಲಿ ಕೈಯಿಂದ ಕಲಸಿ, ಉಣ್ಣಲು ಕೂತ ಸಾಲಿಗೆಲ್ಲ ಮೊದಲ ತುತ್ತು ಹಾಕುವುದು ಅವನ ಮನೆತನದ ಹಕ್ಕು. ಅವನು ಅವಳ ಗಂಡನ ಅಣ್ಣ. ಸೊಸೆಯಾಗಿ ಬಂದಂದಿನಿಂದ ಅವಳು ಅವನ ಮುಖ ನೋಡಿ ಮಾತಾಡಿದವಳಲ್ಲ. ಏನಾದರೂ ಹೇಳುವುದಿದ್ದರೆ ಬಾಗಿಲ ಮರೆಯಿಂದ, ಇನ್ನೊಬ್ಬರ ಬಾಯಿಂದ ಹೇಳಿಸುತ್ತಿದ್ದಳು.

ಅವನ ಬಲಗೈ ಕಂಬಳಿಯೊಳಗಿತ್ತು.

ಫಕೀರವ್ವ ಸೆರಗು ಮುಂದಕ್ಕೆಳೆದು ಭರಮವ್ವನಿಗೆ ಅಂದಳು: "ಭಾವಾರಿಗೆ ಕೈ ತೋರಸಾಕ ಹೇಳ."

"ನೀನ ಹೇಳವಾ. ನನ್ನ ಬಾಯಾಗ ಹಲ್ಲಿಲ್ಲ."

ಮಾಲಿಂಗಪ್ಪ ನಕ್ಕ. "ನಿನ್ನ ಲಗ್ನದಾಗ ಅಕ್ಕಿಕಾಳ ಹಾಕಿದ ಕೈ ಇದು. ಇದರಾಗ ಏನ ನೋಡ್ತಿ?"

"ಹೂಂರಿ. ತೋರಸ್ರಿ." ಅವಳು ನೆಲ ನೋಡಿಯೇ ಅಂದಳು, ಆದರೆ ಬಾಗಿಲು ಬಿಟ್ಟು ಏಳಲಿಲ್ಲ.

ಅವನು ಕೈ ತೆಗೆದ. ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡು, ಉಗುರಿನ ಸುತ್ತ ಹಳದಿ ಕೀವು ಕಟ್ಟಿತ್ತು.

"ಕಬ್ಬಿನ ರವದಿ ಗರಿ ಚುಚ್ಚೇತಿ. ಅರಿಶಿಣ ಹಚ್ಚೇನಿ. ದೇವರ ಕೆಲಸಕ್ಕ ಏನೂ ಆಗಂಗಿಲ್ಲ."

"ಕೀವ ಐತ್ರಿ. ನಿಮ್ಮ ಮಗಾ ಕಲಸಲಿ, ನೀವು ಬಾಜೂ ನಿಂದರ್ರಿ."

"ನಾ ಸತ್ತ ಮ್ಯಾಲ ಕಲಸ್ತಾನ. ಮುಂಬೈ ಸರಕಾರ ಇದ್ದಾಗ ಈ ಕಾಯ್ದೆ ಇರಲಿಲ್ಲ. ಮೈಸೂರಿನವರು ಬಂದ ಮ್ಯಾಲ ದೇವರಿಗೂ ಕೈ ತೋರಸಬೇಕಾತೇನ?"

ಹೊರಗೆ ಯಾರೋ ನಕ್ಕರು.

"ದೇವರಿಗೆ ಅಲ್ರಿ. ಉಣ್ಣೋರಿಗೆ."

ಬೀರಸಿದ್ದಪ್ಪ ಓಡಿ ಬಂದ. "ಬಿಡವಾ ಫಕೀರವ್ವಾ, ಒಂದ ತುತ್ತಿಗೆ ಏನಾಕ್ಕೈತಿ?"

"ಹೋದ ವರ್ಸ ಏನಾತು ಅನ್ನೂದ ಉದ್ದಪ್ಪನ್ನ ಕೇಳ್ರಿ."

ಉದ್ದಪ್ಪ ಸಾಲಿನಲ್ಲೇ ಕೂತಿದ್ದ. ಮುಂದಿನ ಮುತ್ತುಗದ ಎಲೆಯನ್ನು ಸರಿ ಮಾಡಿದ.

ಅವನಿಂದ ಒಂದು ಮಾತು ಬರಬಹುದೆಂದು ಫಕೀರವ್ವ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಎದ್ದು ಒಳಗೆ ಹೋಗಿ ಮೊಸರಿನ ಗಡಿಗೆಯನ್ನು ತಾನೇ ಎತ್ತಿ ನುಚ್ಚಿಗೆ ಸುರಿದು, ಸವಟಿನಿಂದ ಕಲಸತೊಡಗಿದಳು. ವಿಧವೆ ಮೊದಲ ತುತ್ತು ಕಲಸುವುದನ್ನು ಆ ಊರು ಕಂಡಿರಲಿಲ್ಲ.

ಮಾಲಿಂಗಪ್ಪ ಕಂಬಳಿ ಕೊಡವಿ ಹೊರಟ. ಅವನ ಓಣಿಯವರು ಎಲೆ ಮಡಚಿ ಒಬ್ಬೊಬ್ಬರಾಗಿ ಎದ್ದರು. ಮಿಕ್ಕವರು ಅತ್ತಿತ್ತ ನೋಡಿದರು, ಹಸಿವೆಯಾಗಿತ್ತು, ಉಂಡರು.

ಒಂದು ಓಣಿಯ ಊಟ ಹಾಗೇ ಉಳಿಯಿತು. ದನಗಳಿಗೆ ಹಾಕಿಯೂ ಮಿಕ್ಕಿತು. ಬೇರೆ ವರ್ಷವಾದರೆ ಹುಗ್ಗಿ ಮನೆ ಮನೆಗೆ ಹೋಗಿ ಮರುದಿನವೂ ಎಲ್ಲರ ಬಾಯಿಗೆ ಬೀಳುತ್ತಿತ್ತು. ಫಕೀರವ್ವ ಗುಡಿಯ ಹಿಂದೆ ಗುಂಡಿ ತೋಡಿ, ಬುಟ್ಟಿ ಬುಟ್ಟಿಯಾಗಿ ತಂದು ಸುರಿದಳು. ಹೆಂಗಸರು ದೂರ ನಿಂತು ನೋಡಿದರು. "ಅನ್ನಾ ಮಣ್ಣಿಗೆ ಹಾಕಾಕತ್ತಾಳ, ಕೈಯರೆ ಹೆಂಗ ಬರ್ತಾವ," ಎಂದಳೊಬ್ಬಳು, ಅವಳಿಗೆ ಕೇಳಲೆಂದೇ. ಫಕೀರವ್ವ ಮಣ್ಣು ಎಳೆದಳು. ಅವಳು ಬೆಳಗಿನಿಂದ ಒಂದು ತುತ್ತೂ ಉಂಡಿರಲಿಲ್ಲ.

ಮರುದಿನ ಯಾರೂ ವಾಂತಿಭೇದಿಗೆ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ಅದೇ ಅವಳ ತಪ್ಪಾಯಿತು.

"ಏನರೆ ಆತೇನ? ಏನೂ ಆಗಲಿಲ್ಲ," ಎಂದರು ಕಟ್ಟೆಯ ಮೇಲೆ. "ಸುಮ್ಮಸುಮ್ಮನ ಹಿರೇ ಮನಿಷ್ಯಾನ ಮಾನಾ ಕಳದ್ಲು."

ಭರಮವ್ವ ಸುದ್ದಿ ತಂದಳು. ಮಾಲಿಂಗಪ್ಪನನ್ನು ಗಾಡಿಯಲ್ಲಿ ಗೋಕಾಕಕ್ಕೆ ಒಯ್ದಿದ್ದರು. ಡಾಕ್ಟರು ಬೆರಳು ಕೊಯ್ದು ಬಟ್ಟಲಷ್ಟು ಕೀವು ತೆಗೆದರಂತೆ. "ಪೂಜಾರಿಗೆ ಹೇಳ್ಲೇನ?"

"ಹೇಳಿ ಏನ ಮಾಡ್ತಿ? ಗೊತ್ತಿದ್ದ ಮಾತ ಅದು."

ಸಂಜೆಗೆ ಬೀರಸಿದ್ದಪ್ಪ ಅಡುಗೆಮನೆಗೇ ಬಂದು ಕೀಲಿ ಕೇಳಿದ. ಅವಳು ಕೊಪ್ಪರಿಗೆ ತಿಕ್ಕುತ್ತಿದ್ದಳು. ಸೊಂಟದಿಂದ ಕೀಲಿ ಬಿಚ್ಚಿ ಅವನ ಮುಂದೆ ಇಟ್ಟಳು. ಅವನು ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದ. ಅವಳಲ್ಲಿ ಅಷ್ಟು ಕಸುವು ಉಳಿದಿರಲಿಲ್ಲ.

"ಬರೂ ವರ್ಸ ಬಾಗಲದಾಗ ಯಾರ ಕುಂದರ್ತಾರ್ರಿ?"

"ಯಾಕ ಕುಂದರಬೇಕ? ಈ ವರ್ಸ ಏನೂ ಆಗಲಿಲ್ಲಲಾ."

ಬಾಗಿಲಲ್ಲಿದ್ದ ಬೂದಿಯ ಗಡಿಗೆ ಅವಳ ಮನೆಯದು. ಅದನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಸೊಂಟ ಇನ್ನೂ ನೋಯುತ್ತಿತ್ತು.