ಕಾಗೆ ಮುಟ್ಟುವವರೆಗೆ

ಕೇತಮಾರನಹಳ್ಳಿಯ ಬೆಟ್ಟಯ್ಯನ ರಾಗಿ ಹೊಲವನ್ನು ಬಡಾವಣೆಗೆಂದು ತೆಗೆದುಕೊಂಡರು. ಅವನ ಮಗಳನ್ನು ಹೂತಿದ್ದ ಮೂಲೆಯನ್ನೂ ಸೇರಿಸಿ ಸೈಟು ಮಾಡಿ ಮಾರಿದರು.

ಕೊಂಡವರು ಏಕಾಂತಯ್ಯ, ದಾವಣಗೆರೆ ಕಡೆಯ ನಿವೃತ್ತ ಅಮಲ್ದಾರರು. ಮನೆ ಇನ್ನೂ ತಳಪಾಯದಲ್ಲಿತ್ತು, ಕಾಂಪೌಂಡು ಮಾತ್ರ ಎದ್ದಿತ್ತು. ಕಾವಲಿಗೆ ಆಳು ಬೇಕೆಂದಾಗ ಬೆಟ್ಟಯ್ಯ ತಾನೇ ಹೋಗಿ ನಿಂತ. ಒಳಗಿದ್ದರೆ ಮಗಳ ಹತ್ತಿರವಿದ್ದಂತೆ. ಅಮಾವಾಸ್ಯೆಗೆ ಹೆಂಡತಿ ಮುನಿತಾಯಮ್ಮ ಬಂದು ಎಡೆ ಇಡಬಹುದು.

ಏಕಾಂತಯ್ಯ ಒಂದು ಅಲ್ಸೇಷಿಯನ್ ಮರಿ ತಂದು ಅವನ ಕೈಗಿತ್ತರು.

“ಸಿಟ್ ಅಂದ್ರೆ ಕೂರಬೇಕು, ಕಮ್ ಅಂದ್ರೆ ಬರಬೇಕು. ಇಂಗ್ಲಿಷ್ ಜಾತಿ ಕಣಯ್ಯ.”

“ತಿನ್ನೋದು ನಮ್ ರಾಗಿ ಮುದ್ದೆನೇ ಅಲ್ವಾ ಬುದ್ಧಿ? ಕೂತ್ಕೊ ಅಂದ್ರೂ ಕೂತ್ಕತದೆ ಬಿಡಿ.”

ಮರಿಗೆ ಕಾಗೆಯೆಂದರೆ ಹುಚ್ಚು. ಆ ಅಮಾವಾಸ್ಯೆ ಮುನಿತಾಯಮ್ಮ ಮಗಳನ್ನು ಹೂತ ಮೂಲೆಯಲ್ಲಿ ಎಲೆ ಹಾಸಿ ಅನ್ನ, ಅವಳಿಗೆ ಇಷ್ಟವಾದ ಹುರಿಗಡಲೆ, ಬೆಲ್ಲ ಇಟ್ಟು ದೂರ ಸರಿದಳು. ಕಾಗೆ ಇಳಿದಾಗಲೆಲ್ಲ ಮರಿ ನುಗ್ಗಿತು. ಹೊತ್ತು ನೆತ್ತಿ ದಾಟಿದರೂ ಒಂದು ಕಾಗೆಯೂ ಎಡೆ ಮುಟ್ಟಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರು ಉಂಡಿಲ್ಲ ಎಂದೇ ಅರ್ಥ.

“ಕೂಸು ಮುನಿಸ್ಕೊಂಡದೆ,” ಎಂದಳು ಮುನಿತಾಯಮ್ಮ. “ಮಲಗಿದ್ ಜಾಗಾನೇ ಮಾರ್ಕೊಂಡ್ರು ಅಂತ.”

“ನಾವೆಲ್ಲಿ ಮಾರಿದ್ವೆ? ಕಿತ್ಕೊಂಡ್ರಲ್ವಾ.”

“ಅದಕ್ಕೇನ್ ಗೊತ್ತಾಯ್ತದೆ? ಏನೂ ಅರೀದ ಕೂಸು.”

ಮಾರನೆಯ ದಿನದಿಂದ ಪಾಠ ಅದೊಂದೇ. ಬೆಟ್ಟಯ್ಯ ಮುದ್ದೆಯ ಚೂರು ಚೆಲ್ಲಿ ಕಾಗೆಗಳನ್ನು ಕರೆಯುವನು. ಮರಿಯ ಬೆನ್ನ ಮೇಲೆ ಅಂಗೈ ಒತ್ತಿ “ಕೂತ್ಕೊ” ಎನ್ನುವನು. ಅದು ಚಿಮ್ಮಿ ಓಡುವುದು. ಹೊಡೆಯದೆ ಎತ್ತಿ ತಂದು ಮತ್ತೆ ಅಲ್ಲೇ ಕೂರಿಸುವನು. ಕೂತರೆ ಬಾಯಿಗೊಂದು ಚೂರು.

“ಲೇ ತುಂಟ, ನಿಮ್ಮಕ್ಕ ಉಣ್ಣೋದು ಬ್ಯಾಡ್ವೇನ್ಲಾ?”

ಮೈಯೆಲ್ಲ ನಡುಗುತ್ತಿದ್ದರೂ ಕೂತೇ ಇರುವುದನ್ನು ಮರಿ ಕೊನೆಗೂ ಕಲಿಯಿತು.

ಮಹಾಲಯ ಅಮಾವಾಸ್ಯೆಯ ದಿನ ಮುನಿತಾಯಮ್ಮ ಮತ್ತೆ ಎಡೆಯಿಟ್ಟಳು. ಗೋಡೆಯ ಮೇಲೆ ಕಾಗೆ ಬಂದು ಕೂತಿತು. “ಕೂತ್ಕೊ,” ಎಂದ ಬೆಟ್ಟಯ್ಯ. ಮರಿ ಕೂತಿತು. ಕಾಗೆ ನೆಲಕ್ಕಿಳಿದು ಎಲೆಯತ್ತ ಕುಪ್ಪಳಿಸಿತು.

ಆಗ ಗೇಟು ತೆರೆದು ಏಕಾಂತಯ್ಯ ಒಳಗೆ ಬಂದರು.

“ಏನಯ್ಯ ಇದು, ಮನೆ ಏಳೋ ಜಾಗದಲ್ಲಿ ಸತ್ತೋರ ಎಡೆ! ದೇವರಮನೆ ಬರೋದು ಇಲ್ಲೇ ಕಣಯ್ಯ. ಈ ಮರಿ ನೋಡಿದ್ರೆ ಸಭೇಲಿ ಕೂತಂಗೆ ಕೂತದೆ. ಇದನ್ನೇನಾ ನೀನು ಕಲಿಸಿದ್ದು? ಆಯಮ್ಮನ ಮೇಲೆ ಛೂ ಬಿಡು.”

“ನನ್ ಹೆಂಡ್ತಿ ಬುದ್ಧಿ.”

“ಯಾರಾದ್ರೇನು? ಸೈಟು ನನ್ನದು, ನಾಯಿ ನನ್ನದು. ಛೂ ಬಿಡ್ತೀಯೋ, ಇಲ್ಲ ನಾಳೆಯಿಂದ ಗೇಟಿನ ಹೊರಗೇ ನಿಲ್ತೀಯೋ?”

ಬೆಟ್ಟಯ್ಯ ಹೊರಗೆ ನಿಂತರೂ ಮಗಳು ಒಳಗೇ ಇರುತ್ತಾಳೆ. ಮುನಿತಾಯಮ್ಮ ಎಲೆಯಿಂದ ಕಣ್ಣು ಕೀಳಲಿಲ್ಲ. ಕಾಗೆ ಇನ್ನೂ ಮುಟ್ಟಿರಲಿಲ್ಲ. ಮರಿ ಬೆಟ್ಟಯ್ಯನ ಮುಖವನ್ನೇ ನೋಡುತ್ತಿತ್ತು.

“ಬಿಡಾಕಿಲ್ಲ ಬುದ್ಧಿ,” ಎಂದ ಅವನು.