ಬಾಮೈದನ ಹೆಸರಿನಲ್ಲೊಂದು ಕೆಂಪು ದೀಪ

ಮೊಣಕೈಯಿಂದ ಹೆಬ್ಬೆರಳಿನವರೆಗೆ ಎಳೆಯುವ ನೋವನ್ನು ಕ್ಷೌರಿಕ ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಕೈ ನೋಯುತ್ತದೆ ಅನ್ನುವವನ ಕತ್ತಿಗೆ ಯಾವ ಪುಣ್ಯಾತ್ಮ ಮುಖ ಒಡ್ಡುತ್ತಾನೆ? ಎದುರು ಬೀದಿಯಲ್ಲೇ ಹೊಸ ಸಲೂನೊಂದು ಗಾಜಿನ ಬಾಗಿಲು ತೆರೆದು ಕೂತಿದೆ. ಸುದ್ದಿ ಹೊರಬಿದ್ದರೆ ಇವನ ಅಂಗಡಿಗೆ ಬೀಗವೇ ಗತಿ.

ಹಾಗಾಗಿ ಮನೆಯಲ್ಲೇ ನೋವಿನ ಜಾಗಕ್ಕೆ ಕೆಂಪು ಬೆಳಕು ಹಾಯಿಸಿಕೊಳ್ಳುವ ಯಂತ್ರವೊಂದನ್ನು ಗುಟ್ಟಾಗಿ ತರಿಸುವುದೆಂದುಕೊಂಡ. ಮೊಬೈಲು ತೆರೆದರೆ ತಲೆ ಗಿರ್ರೆಂದಿತು. ಗೋಡೆಗೆ ನೇತುಹಾಕುವ ಹಲಗೆಯಂಥದ್ದು, ಸೊಂಟಕ್ಕೆ ಸುತ್ತುವ ಪಟ್ಟಿ, ಕೈಯಲ್ಲಿ ಹಿಡಿಯುವ ಟಾರ್ಚು, ಭೂತದ ಹಾಗೆ ಕಾಣುವ ಮುಖವಾಡ. ಒಂದರ ಮೇಲೆ ಬೆಳಕಿನ ಅಳತೆ ಆರುನೂರ ಅರವತ್ತು ಅಂತ ಬರೆದಿದೆ, ಇನ್ನೊಂದರ ಮೇಲೆ ಎಂಟುನೂರ ಐವತ್ತು. ಹೆಚ್ಚಿದ್ದರೆ ಒಳ್ಳೆಯದೋ, ಕಡಿಮೆಯಿದ್ದರೆ ಒಳ್ಳೆಯದೋ, ದೇವರೇ ಬಲ್ಲ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಬಾಗಿಲವರೆಗೆ ಹೋಗಿ ಬರಬೇಕೆನಿಸುತ್ತಿತ್ತು. ಹೋಗಿ ಬಂದು ಮತ್ತೆ ಅದೇ ಮೊಬೈಲು.

ಕೊನೆಗೆ ತಡೆಯಲಾರದೆ ಗಿರಾಕಿಗಳನ್ನೇ ಕೇಳಿದ, ಹೆಂಡತಿಯ ತಮ್ಮನ ಹೆಸರು ಮುಂದಿಟ್ಟು.

"ನಮ್ಮ ಬಾಮೈದನಿಗೆ ಕೈ ನೋವು ಸಾರ್. ಗೋದಾಮಲ್ಲಿ ಮೂಟೆ ಎತ್ತೋ ಕೆಲ್ಸ. ಯಾವ ಲೈಟು ತಗೊಂಡ್ರೆ ಒಳ್ಳೇದು?"

ಎಡವಿದ್ದು ಇಲ್ಲೇ. ಎಲ್ಲರೂ ಮೂಟೆ ಎತ್ತುವ ದಡಿಯನಿಗೆ ಸಲಹೆ ಕೊಟ್ಟರು. ಬ್ಯಾಂಕಿನ ಗುಮಾಸ್ತ ಆಳೆತ್ತರದ ಹಲಗೆಯೇ ಬೇಕೆಂದ. ಬಸ್ ಡ್ರೈವರು, "ಕೈ ಅಂತಾನೆ, ಮೂಲ ಸೊಂಟದಲ್ಲಿರತ್ತೆ, ಪಟ್ಟಿ ತಗೊಳ್ಳಿ" ಅಂದ. ಇಡೀ ದಿನ ಕತ್ತಿ ಹಿಡಿದು ಮಣಿಕಟ್ಟು ತಿರುಗಿಸುವ ಕೈಗೆ ಏನು ಬೇಕೆಂದು ಒಬ್ಬರೂ ಹೇಳಲಿಲ್ಲ. ಅವರದೇನು ತಪ್ಪು, ಪಾಪ. ಅಂಥದ್ದೊಂದು ಕೈ ತಮ್ಮ ಗಲ್ಲದ ಕೆಳಗೇ ಓಡಾಡುತ್ತಿದೆ ಅಂತ ಅವರಿಗೇನು ಗೊತ್ತು.

ಆವತ್ತು ಕುರ್ಚಿಯಲ್ಲಿ ಔಷಧಿ ಅಂಗಡಿಯ ಯಜಮಾನರು ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಅವರಿಗೂ ಬಾಮೈದನ ಕಥೆ ಹೇಳಿದ.

"ಲೈಟು ಆಮೇಲೆ ಆರಿಸೋಣಪ್ಪ. ನೋವು ಎಂಥದ್ದು ಹೇಳು. ಎತ್ತಿದ್ರೆ ನೋಯತ್ತೋ, ಹಿಡಿದ್ರೆ ನೋಯತ್ತೋ? ಬೆರಳು ಜೋಮು ಹಿಡಿಯತ್ತಾ?"

ಆ ಗಳಿಗೆಯಲ್ಲೇ ಕ್ಷೌರಿಕನ ಬೆರಳಿಗೆ ಜೋಮು ಹಿಡಿದಿತ್ತು. "ಕೇಳಿ ಹೇಳ್ತೀನಿ ಸಾರ್" ಅಂದ.

"ಜೋಮಿದ್ರೆ ಮೊದ್ಲು ಡಾಕ್ಟರ ಹತ್ರ ಕಳ್ಸು. ನರದ ತೊಂದ್ರೆ ಆದ್ರೆ ಲೈಟು ಹಿಡ್ಕೊಂಡು ದಿನ ತಳ್ಳಬಾರದು. ಕೈಯೇ ಕೈಕೊಟ್ಟೀತು."

ಅಷ್ಟರಲ್ಲಿ ಎಂದೂ ಅಂಗಡಿಗೆ ಕಾಲಿಡದ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು.

"ರೀ, ನನ್ನ ತಮ್ಮನಿಗೆ ಏನಾಗಿದೆ ಅಂತ ಊರೆಲ್ಲ ಡಂಗುರ ಹೊಡೀತಿದ್ದೀರ? ಡ್ರೈವರ ಹೆಂಡ್ತಿ ಹೇಳಿದ್ಲು ಅಂತ ಎದ್ದೂ ಬಿದ್ದೂ ಅವನ ಮನೆಗೆ ಓಡಿದೆ. ನೋಡಿದ್ರೆ ಗುಂಡುಕಲ್ಲಿನ ಹಾಗಿದ್ದಾನೆ, ನನ್ನನ್ನೇ ನೋಡಿ ನಗ್ತಾನೆ. ಮತ್ತೆ ಕೈ ನೋವು ಯಾರಿಗೆ?"

ಅವನು ಕತ್ತಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡ. ಅವಳ ಕಣ್ಣು ಅವನ ಬಲಗೈ ಮೇಲೆ ನಿಂತಿತು.

"ಅದಕ್ಕೇನಾ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಅಷ್ಟು ಹೊತ್ತು ಮಾಡ್ತಿದ್ದಿದ್ದು?" ಅಂದಳು. ದನಿ ಇಳಿದುಹೋಗಿತ್ತು.

ಕನ್ನಡಿಯೊಳಗಿಂದ ಯಜಮಾನರು ಅವನನ್ನೇ ನೋಡುತ್ತಿದ್ದರು. ಅಣ್ಣನ ಕೈ, ಪಕ್ಕದ ಮನೆಯವನ ಕೈ ಅಂತ ಇನ್ನೂ ತೇಲಿಸಬಹುದಿತ್ತು. ಆದರೆ ಅವನಿಗೆ ಸಾಕುಸಾಕಾಗಿತ್ತು.

"ಕೈ ನಂದೇ ಸಾರ್. ಹಿಡಿದ್ರೆ ನೋಯತ್ತೆ, ಬೆರಳು ಜೋಮು" ಅಂದು ಕತ್ತಿ ಕೆಳಗಿಟ್ಟ. "ನೊರೆ ಒರೆಸಿಕೊಡ್ತೀನಿ. ಉಳಿದದ್ದು ಎದುರು ಅಂಗಡೀಲಿ ಮಾಡಿಸ್ಕೊಳ್ಳಿ. ನಂಗೇನೂ ಬೇಜಾರಿಲ್ಲ."

ಹಾಗಂದು ಟವೆಲು ಮುಂದೆ ಹಿಡಿದ.

ಯಜಮಾನರು ಟವೆಲ್ಲಿಗೆ ಕೈ ಚಾಚಲಿಲ್ಲ. "ಸಂಜೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಲೈಟು ಬೇಕೋ ಬೇಡ್ವೋ, ಬೇಕಾದ್ರೆ ಯಾವುದು, ಅವರೇ ಹೇಳ್ಲಿ. ಆದ್ರೆ ಅರ್ಧ ಮುಖ ಇಟ್ಕೊಂಡು ನಾನು ಹೇಗಪ್ಪ ಬರಲಿ?"

ಕ್ಷೌರಿಕ ಕತ್ತಿ ಎತ್ತಿಕೊಂಡ. ಗಿರಾಕಿಯೆದುರು ಎಂದೂ ಮಾಡದಿದ್ದುದನ್ನು ಮಾಡಿದ: ಎಡಗೈಯಿಂದ ಬಲ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡ. ಕೈಗೆ ಅದೆಷ್ಟು ಹಾಯೆನಿಸಿತೆಂದರೆ ಅಳು ಬರುವಂತಾಯಿತು. ಈಗ ಕೆನ್ನೆಯ ಚರ್ಮ ಬಿಗಿದು ಹಿಡಿಯಲು ಇನ್ನೊಂದು ಕೈ ಇರಲಿಲ್ಲ. ಯಜಮಾನರು ತಾವೇ ಎರಡು ಬೆರಳಿಟ್ಟು ಕೆನ್ನೆ ಎಳೆದುಕೊಂಡು, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿದರು.