ಒಂಬತ್ತನೇ ಕಲಮು

ಮಡಿವಾಳಪ್ಪ ಮಾಸ್ತರರ ಒಬ್ಬನೇ ಮಗ ಭರತ್ ಕಬಡ್ಡಿ ಅಭ್ಯಾಸದಲ್ಲಿ ಬಿದ್ದು ಕತ್ತು ಮುರಿದುಕೊಂಡು, ಹನ್ನೊಂದು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿ, ತೀರಿಕೊಂಡ. ಅದು ಮೇ ತಿಂಗಳು. ಅವನಿಗೆ ಇಪ್ಪತ್ಮೂರು ವರ್ಷ. ಶಿವಗಣಾರಾಧನೆ ಮುಗಿದ ಮರುದಿನವೇ ಮಾಸ್ತರರು ಕೋಚ್ ಕೆಲಸಕ್ಕೆ ರಾಜೀನಾಮೆ ಬರೆದು ಶಿರಸಿಗೆ ಕಳಿಸಿಬಿಟ್ಟರು.

ಅವರು ಬನವಾಸಿ ಕಡೆಯವರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದು ನಿವೃತ್ತರಾದವರು. ಶಿರಸಿಯ ಹೊಂಗಿರಣ ಕಬಡ್ಡಿ ಸಂಘವನ್ನು ಹದಿನಾರು ವರ್ಷ ಕಟ್ಟಿ ಬೆಳೆಸಿದ್ದರು. ಭರತ್ ಬೆಳಿಗ್ಗೆ ಅನಾನಸಿನ ಲೋಡು ಗಾಡಿ ಹೊಡೆದು, ಆಮೇಲೆ ಅಪ್ಪನ ಜೊತೆಗೇ ಅಭ್ಯಾಸಕ್ಕೆ ಹೋಗುತ್ತಿದ್ದ.

ಜುಲೈ ಮೊದಲ ವಾರ ಸಂಘದ ಅಧ್ಯಕ್ಷ ವಿಘ್ನೇಶ್ವರ ಹೆಗಡೆಯವರು ಮನೆಗೆ ಬಂದರು. ಅಡಿಕೆ ವ್ಯಾಪಾರಿ, ಸಂಘಕ್ಕೆ ಕೈಯಿಂದ ಖರ್ಚು ಮಾಡುವವರು. ಕೈಯಲ್ಲೊಂದು ಫೈಲು ಹಿಡಿದುಕೊಂಡಿದ್ದರು. ಕೊಟ್ಟ ನೀರು ಕುಡಿದು ಮಾತು ಶುರುಮಾಡಿದರು.

"ನಿಮ್ಮ ಜಾಗಕ್ಕೆ ಮೂರು ಜನ ಅರ್ಜಿ ಹಾಕಿದ್ರು ಮಾಸ್ತರೆ. ಒಬ್ಬ ಬಂದು ಎರಡು ದಿನ ಇದ್ದು ಹೋದ. ಹುಡುಗ್ರು ಅವನ ಮಾತೇ ಕೇಳ್ಲಿಲ್ಲ. ದಸರಾ ಕಳೆದ್ಮೇಲೆ ಲೀಗ್ ಶುರು. ನೀವೇ ಬರ್ಬೇಕು ಮಾರಾಯ್ರೆ."

"ನಂಗ ಆ ಮ್ಯಾಟ್ ಮ್ಯಾಲೆ ಕಾಲಿಡಾಕ ಆಗೂದಿಲ್ರಿ."

"ಹಾಂಗಾದ್ರೆ ರಾಘುಗಾದ್ರೂ ಒಂದು ಮಾತು ಹೇಳಿ. ಈ ವರ್ಷದ ಕರಾರಿಗೆ ಸಹಿ ಹಾಕ್ತಾ ಇಲ್ಲ. ಅವ ಹಾಕದೆ ನಾವೂ ಹಾಕುದಿಲ್ಲ ಅಂತ ಉಳಿದವರೂ ಕೂತಿದ್ದಾರೆ."

ಒಳಗಿನಿಂದ ಮಾಸ್ತರರ ಹೆಂಡತಿ ಪಾರ್ವತವ್ವ ಬಾಗಿಲಿಗೆ ಬಂದರು. "ಆ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ" ಎಂದರು. ಧ್ವನಿ ಏರಿಸಲಿಲ್ಲ. ಅಷ್ಟು ಹೇಳಿ ಒಳಗೆ ಹೋದರು.

ರಾಘು ಸಿದ್ದಾಪುರದ ಮನ್ಮನೆಯ ಹುಡುಗ, ಭರತನ ಜೀವದ ಗೆಳೆಯ. ಎದುರಾಳಿಯ ಪಾದದ ಗಂಟು ಹಿಡಿದರೆ ಬಿಡದವನೆಂದು ನಾಲ್ಕು ಜಿಲ್ಲೆಯಲ್ಲಿ ಹೆಸರು. ಅವತ್ತು ಭರತ್ ರೈಡಿಗೆ ಬಂದು ಗೆರೆಯತ್ತ ತಿರುಗುತ್ತಿದ್ದಾಗ ಅವನ ಕಾಲು ಹಿಡಿದದ್ದು ರಾಘುವೇ. ಪಾರ್ವತವ್ವನಿಗೆ ಗೊತ್ತಿದ್ದದ್ದು ಅಷ್ಟೇ. ಮಣ್ಣು ಮಾಡಿದ ದಿನ ಅವನು ಅಂಗಳಕ್ಕೆ ಬಂದಾಗ, "ಇನ್ನೇನು ಹಿಡಿಯಾಕ ಬಂದೀಯೋ?" ಎಂದು ಎಲ್ಲರ ಎದುರು ಕೇಳಿದ್ದರು. ಅವನು ಬಂದ ದಾರಿಯಲ್ಲೇ ತಿರುಗಿ ಹೋಗಿದ್ದ.

ಹೆಗಡೆಯವರು ಫೈಲು ಅಲ್ಲೇ ಬಿಟ್ಟು ಹೋದರು. ಸಂಜೆ ಕಟ್ಟೆಯ ಮೇಲೆ ಕೂತು ಮಾಸ್ತರರು ಆ ಕರಾರನ್ನು ಮೊದಲಿನಿಂದ ಕೊನೆಯ ತನಕ ಓದಿದರು. ಹದಿನಾರು ವರ್ಷ ಹುಡುಗರಿಗೆ ತಾವೇ ಹಂಚಿದ ಕಾಗದ. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದರೇ ಹೊರತು ಎಂದೂ ಓದಿರಲಿಲ್ಲ. ಒಂಬತ್ತನೇ ಕಲಮಿನಲ್ಲಿ ಹೀಗಿತ್ತು: "ಅಭ್ಯಾಸದಲ್ಲಾಗಲಿ ಪಂದ್ಯದಲ್ಲಾಗಲಿ ಆಟಗಾರನಿಗೆ ಆಗುವ ಗಾಯ, ಅಂಗವೈಕಲ್ಯ ಅಥವಾ ಸಾವಿಗೆ ಸಂಘವು ಜವಾಬ್ದಾರಿಯಲ್ಲ." ಫೈಲಿನ ಅಡಿಯಲ್ಲಿ ಹಿಂದಿನ ವರ್ಷದ ಪ್ರತಿಗಳೂ ಇದ್ದವು. ಭರತನ ಪ್ರತಿಯಲ್ಲಿ ಸಾಕ್ಷಿಯ ಜಾಗದಲ್ಲಿ ಇದ್ದದ್ದು ಅವರದೇ ಸಹಿ.

ಮರುದಿನ ಅವರು ಎರಡು ಬಸ್ಸು ಬದಲಿಸಿ ಮನ್ಮನೆಗೆ ಹೋದರು. ರಾಘುವಿನ ತಂದೆ ಕೆರಿಯ, ತಾಯಿ ಮಂಜಿ ಗದ್ದೆಯಲ್ಲಿ ಭತ್ತದ ಅಗೆ ನೆಟ್ಟಿ ಮಾಡುತ್ತಿದ್ದರು. ರಾಘು ಅಗೆಯ ಕಟ್ಟು ಹೊತ್ತುಕೊಂಡು ಬರುತ್ತಿದ್ದವನು ಮಾಸ್ತರರನ್ನು ಕಂಡು ಕೆಸರಿನಲ್ಲೇ ನಿಂತುಬಿಟ್ಟ. ಮಾಸ್ತರರು ಚಪ್ಪಲಿ ಬಿಟ್ಟು ಗದ್ದೆಯಂಚಿನ ಹಾಳಿಯ ಮೇಲೆ ಕೂತರು.

"ಸಹಿ ಯಾಕ ಹಾಕವಲ್ಲಿ?"

"ನಂಗೆ ಹಿಡಿಯುಕೆ ಆಗುದಿಲ್ಲ ಸರ್. ಕೈ ಮುಂದೆ ಹೋಗುದಿಲ್ಲ. ಮೊನ್ನೆ ಹಗ್ಗ ಹರ್ಕೊಂಡು ಓಡ್ತಿದ್ದ ಕರುನ ಹಿಡಿಯುಕೂ ಆಗ್ಲಿಲ್ಲ."

"ಅವತ್ತು ಏನಾತು ಅಂತ ನಿಮ್ಮ ಅಪ್ಪಗ ಹೇಳೀಯೇನು?"

"ಆಟದಲ್ಲಿ ಬಿದ್ದ ಅಂತ ಹೇಳಿದೆ."

"ನಾ ಕೂಗಿದ್ದು?"

ರಾಘು ಅಗೆಯ ಕಟ್ಟನ್ನು ಕೆಳಗಿಟ್ಟ. "ಅದು ಯಾರಿಗೂ ಹೇಳ್ಲಿಲ್ಲ ಸರ್."

ನಡೆದದ್ದು ಇಷ್ಟು. ಉಳಿದ ಹುಡುಗರು ಹೊರಟುಹೋದ ಮೇಲೆ ಅವರು ಮೂವರೇ ಉಳಿದಿದ್ದರು. ಭರತನ ಮೈ ತಪ್ಪಾಗಿ ತಿರುಗಿದ್ದು ರಾಘುವಿನ ಕೈಗೆ ಗೊತ್ತಾಗಿತ್ತು. ಅವನು ಹಿಡಿತ ಸಡಿಲಿಸಿದ್ದ. ಗೆರೆಯ ಆಚೆ ನಿಂತಿದ್ದ ಮಾಸ್ತರರಿಗೆ ಕಂಡದ್ದು ಸಡಿಲಿಸಿದ ಕೈ ಮಾತ್ರ. "ಬಿಡಬ್ಯಾಡ! ಬಿಗಿ ಹಿಡಿ!" ಎಂದು ಕೂಗಿದರು. ಏಳು ವರ್ಷ ಅವರ ಮಾತು ಮೀರದ ಹುಡುಗ ಬಿಗಿಯಾಗಿ ಹಿಡಿದ. ಭರತ್ ತಲೆ ಕೆಳಗಾಗಿ ಬಿದ್ದ.

"ಯಾಕ ಹೇಳಲಿಲ್ಲೋ? ಊರೆಲ್ಲ ನಿಂಗ ಅನ್ನಾಕ ಹತ್ತಿತ್ತು. ನನ್ನ ಹೇಣ್ತಿ ನಿನ್ನ ಹೊರಗ ಹಾಕಿದ್ಲು."

"ಮಗನೂ ಹೋಗಿ ಅದೂ ನಿಮ್ಮ ತಲೆ ಮೇಲೆ ಬಂದ್ರೆ ನೀವು ಹ್ಯಾಂಗೆ ಬದುಕ್ತೀರಿ ಅಂತ."

ಮಾಸ್ತರರು ಪಂಚೆಯ ಅಂಚನ್ನು ಮುಖಕ್ಕೆ ಒತ್ತಿಕೊಂಡರು. ಮಗ ತೀರಿದ ದಿನವೂ ಜನರೆದುರು ಅಳದವರು ಪರರ ಗದ್ದೆಯ ಹಾಳಿಯ ಮೇಲೆ ಕೂತು ಅತ್ತರು. ಮಂಜಿ ನೆಟ್ಟಿ ನಿಲ್ಲಿಸಿ ಚೊಂಬಿನಲ್ಲಿ ನೀರು ತಂದುಕೊಟ್ಟಳು.

ಕೆರಿಯ ಹತ್ತಿರ ಬಂದು ಕೂತ. "ಇವನಿಗೆ ಆಟ ಬಿಟ್ರೆ ಬೇರೆ ಆಸೆ ಇಲ್ಲ ಮಾಸ್ತರೆ. ಆಡಬೇಡ ಅಂತ ನಾ ಹೇಳುದಿಲ್ಲ. ಆದ್ರೆ ನಾಳೆ ಇವನಿಗೂ ಹಾಂಗೇ ಆದ್ರೆ ನೋಡುವವರು ಯಾರು? ಅದೊಂದು ಹೇಳಿ."

ಶುಕ್ರವಾರ ಅಪ್ಪ ಮಗ ಇಬ್ಬರೂ ಶಿರಸಿಗೆ ಬರಬೇಕು, ತಾನೂ ಬರುತ್ತೇನೆ ಎಂದು ಹೇಳಿ ಮಾಸ್ತರರು ಎದ್ದರು.

ಶುಕ್ರವಾರ ಹೆಗಡೆಯವರ ಅಂಗಡಿಯ ಮಾಳಿಗೆಯಲ್ಲಿ ನಾಲ್ವರೂ ಕೂತರು. ಮಾಸ್ತರರು ಪೆನ್ನು ತೆಗೆದು ಒಂಬತ್ತನೇ ಕಲಮಿನ ಮೇಲೆ ಅಡ್ಡಗೆರೆ ಎಳೆದರು.

"ಇದು ಹೋಗಬೇಕ್ರಿ. ಒಬ್ಬೊಬ್ಬ ಆಟಗಾರಗೂ ವಿಮೆ ಆಗಬೇಕು. ಆಡೂ ಜಾಗದಾಗ ಆಂಬುಲೆನ್ಸ್ ನಿಂತಿರಬೇಕು, ಬಿದ್ದವನ್ನ ಎತ್ತಾಕ ಗೊತ್ತಿದ್ದವ ಒಬ್ಬ ಇರಬೇಕು."

ಹೆಗಡೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಿಮೆ ಮಾಡ್ಸುವ, ಅದು ಸರಿ. ಪಂದ್ಯದ ದಿನ ಆಂಬುಲೆನ್ಸೂ ಇರ್ತದೆ. ದಿನಾ ಅಭ್ಯಾಸಕ್ಕೂ ಅಂದ್ರೆ ಸಂಘ ಮುಚ್ಬೇಕಾಗ್ತದೆ ಮಾಸ್ತರೆ."

"ಭರತ್ ಬಿದ್ದದ್ದು ಅಭ್ಯಾಸದಾಗ್ರಿ."

ಅಭ್ಯಾಸ ನಡೆಯುತ್ತಿದ್ದದ್ದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಹಳೆಯ ಗೋದಾಮಿನಲ್ಲಿ. ಅವತ್ತು ಸಿಕ್ಕಿದ್ದು ಅನಾನಸು ಇಳಿಸಿ ಬರುತ್ತಿದ್ದ ಒಂದು ಗೂಡ್ಸ್ ಟೆಂಪೊ. ಅದರ ಹಿಂಭಾಗದಲ್ಲಿ ಭರತನನ್ನು ಮಲಗಿಸಿ, ತಲೆಯನ್ನು ಮಾಸ್ತರರು ತೊಡೆಯ ಮೇಲಿಟ್ಟುಕೊಂಡಿದ್ದರು. ಪ್ರತಿ ಹೊಂಡಕ್ಕೂ ಅವನ ತಲೆ ಅತ್ತಿತ್ತ ಹೊರಳಿತ್ತು. ಕತ್ತು ಅಲುಗಬಾರದೆಂದು ಅವರಿಗೆ ತಿಳಿದದ್ದು ಆಸ್ಪತ್ರೆ ತಲುಪಿದ ಮೇಲೆ.

"ನಂಗ ಪಗಾರ ಬ್ಯಾಡ. ಅದರಾಗ ಆಂಬುಲೆನ್ಸ್ ಇಡ್ರಿ. ಕೋಚ್ ಕೆಲಸಕ್ಕ ನಾ ಬರ್ತೀನಿ."

"ಕಾಲಿಡುಕಾಗುದಿಲ್ಲ ಅಂದಿದ್ರಿ ನೀವು."

"ಇಡ್ತೀನ್ರಿ."

ಆಗ ರಾಘು ಬಾಯಿಬಿಟ್ಟ. "ನಾನು ರೈಡ್ ಮಾತ್ರ ಮಾಡ್ತೇನೆ. ಯಾರನ್ನೂ ಹಿಡಿಯುದಿಲ್ಲ. ಅದನ್ನೂ ಬರ್ಕೊಳಿ."

ಹಿಡಿತಕ್ಕೇ ಹೆಸರಾದವನು ಹಿಡಿಯುವುದಿಲ್ಲವೆಂದರೆ ಕರಾರೇತಕ್ಕೆ ಎಂದು ಹೆಗಡೆಯವರಿಗೆ ಕೇಳಬೇಕೆನಿಸಿತ್ತು. ಹುಡುಗನ ಮುಖ ನೋಡಿ ಕೇಳಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರಾಘು ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಈ ಸಲ ಕೆರಿಯ ಹೆಬ್ಬೆಟ್ಟು ಒತ್ತಿದ.

ಮನೆಗೆ ಬಂದ ಮಾಸ್ತರರು ಹೆಂಡತಿಯ ಎದುರು ಕೂತರು. ಪಾರ್ವತವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ನಾ ಮತ್ತ ಕೋಚ್ ಆಗಿ ಹೊಂಟೀನಿ. ರಾಘುನ ಕರಾರು ಮಾಡಿಸಿ ಬಂದೆ."

"ಮಗನ ಕಾಲು ಹಿಡಿದವನ ಪರವಾಗಿ ಮಾತಾಡಾಕ ಹೋಗಿದ್ರೇನು?"

"ಅವ ಬಿಟ್ಟಿದ್ದ ಪಾರ್ವತಿ. ಬಿಡಬ್ಯಾಡ ಅಂತ ಕೂಗಿದಾವ ನಾನು."

ಅಕ್ಕಿಯ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಅವರು ಗಂಡನನ್ನು ನೋಡಿದರು. ಏನೋ ಇನ್ನೂ ಹೇಳುತ್ತಾರೆಂದು ಕಾದಂತೆ ನೋಡಿದರು.

"ಎರಡು ತಿಂಗಳು ಆ ಹುಡುಗಗ ಶಾಪ ಹಾಕೀನಿ ನಾ" ಎಂದರು ಕಡೆಗೆ. "ಎದುರಿಗೇ ಕುಂತು ಕೇಳಿದ್ರಿ ನೀವು."

ಆಮೇಲೆ ಅವರು ಗಂಡನೊಡನೆ ಮಾತು ಬಿಟ್ಟರು. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು, ಬಟ್ಟೆ ಒಗೆದು ಮಡಚಿಡುತ್ತಿದ್ದರು. ಮಾತು ಮಾತ್ರ ಇರಲಿಲ್ಲ. ಮಾಸ್ತರರೂ ಕೇಳಲು ಹೋಗಲಿಲ್ಲ.

ಅಭ್ಯಾಸ ಮತ್ತೆ ಶುರುವಾಯಿತು. ಮಾಸ್ತರರು ಮ್ಯಾಟಿನ ಮೇಲೆ ನಿಂತು ಹೇಳಿಕೊಟ್ಟರು, ಆದರೆ ಕೂಗುವುದನ್ನು ಬಿಟ್ಟರು. ತಪ್ಪು ಕಂಡರೆ ಆಟ ನಿಲ್ಲಿಸಿ ಹತ್ತಿರ ಹೋಗಿ ಹೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ನಂದೊಳ್ಳಿಯ ಸೋಮ ಎಂಬ ಹುಡುಗ ಬಿದ್ದು ಹೆಗಲು ಜಾರಿಸಿಕೊಂಡ. ಹೊರಗೆ ನಿಂತಿದ್ದ ಆಂಬುಲೆನ್ಸಿನವರು ಬಂದು, ಕತ್ತಿಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಮೆಲ್ಲಗೆ ಎತ್ತಿಕೊಂಡು ಹೋದರು. ಅವನಿಗೆ ದೊಡ್ಡದೇನೂ ಆಗಿರಲಿಲ್ಲ. ಮಧ್ಯಾಹ್ನದೊಳಗೆ ನಗುತ್ತ ತಿರುಗಿ ಬಂದ. ಅವನನ್ನು ಎತ್ತಿದ ರೀತಿ ನೋಡಿದ ಮಾಸ್ತರರು ಗೋದಾಮಿನ ಹಿಂದೆ ಹೋಗಿ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಹುಡುಗರು ಯಾರೂ ಅತ್ತ ಹೋಗಲಿಲ್ಲ.

ಲೀಗಿನಲ್ಲಿ ತಂಡ ಮೂರನೆಯದಾಯಿತು. ರಾಘು ಮಾತಿನಂತೆ ರೈಡ್ ಮಾತ್ರ ಮಾಡಿದ.

ಡಿಸೆಂಬರಿನ ಒಂದು ಭಾನುವಾರ ಅವನು ತಾಯಿಯ ಜೊತೆ ಬನವಾಸಿಗೆ ಬಂದ. ಬರಹೇಳಿದ್ದು ಪಾರ್ವತವ್ವ; ಭರತನ ಫೋನಿನಲ್ಲಿ ನಂಬರು ಹುಡುಕಿ ತಾವೇ ಕರೆ ಮಾಡಿದ್ದರಂತೆ. ಮಾಸ್ತರರಿಗೆ ಗೊತ್ತಿರಲಿಲ್ಲ. ಅವರು ಹೊರಗಿನ ಕಟ್ಟೆಯಲ್ಲೇ ಉಳಿದರು.

"ಬಾ ತಮ್ಮಾ, ಕುಂದ್ರು" ಎಂದರು ಪಾರ್ವತವ್ವ. ಮಂಜಿಗೂ ಚಾಪೆ ಹಾಸಿದರು. "ನಿಂಗ ಅನ್ನಬಾರದ್ದು ಅಂದೀನಿ. ಅದನ್ನ ಹೆಂಗ ತಿರುಗಿ ತಗೊಳ್ಳೋದು ನಂಗ ಗೊತ್ತಿಲ್ಲ. ಒಂದು ಕೇಳಬೇಕಂತ ಕರೆಸಿದೆ. ಬಿದ್ದ ಮ್ಯಾಲೆ ಅವ ಏನಾರ ಮಾತಾಡಿದನೇನು? ದವಾಖಾನ್ಯಾಗ ನಾ ಹೋಗೂದ್ರಾಗ ಬಾಯಿಗೆ ನಳಿಗಿ ಹಾಕಿದ್ರು."

ರಾಘು ತಾಯಿಯ ಕಡೆ ನೋಡಿದ. ಮಂಜಿ ಹೇಳು ಎಂಬಂತೆ ತಲೆಯಾಡಿಸಿದಳು.

"ಸರ್ ಗಾಡಿ ತರುಕೆ ರಸ್ತೆಗೆ ಓಡಿದ್ರು. ನಾ ಒಬ್ಬನೇ ಪಕ್ಕ ಕೂತಿದ್ದೆ. ನನ್ನ ಕಾಲು ಎಲ್ಲೈತಿ ನೋಡೋ ಅಂದ. ನಾ ಮುಟ್ಟಿ, ಇಲ್ಲೇ ಇದೆ ಅಂದೆ. ಆಮೇಲೆ, ಅವ್ವಗ ಈಗ ಫೋನ್ ಮಾಡಬ್ಯಾಡ, ಊಟಕ್ಕ ಕುಂತಿರ್ತಾಳ ಅಂದ."

ಹೊರಗೆ ಕಟ್ಟೆಯ ಮೇಲಿದ್ದ ಮಾಸ್ತರರು ಇದನ್ನು ಕೇಳಿದ್ದು ಅದೇ ಮೊದಲು.

"ಹೌದು" ಎಂದರು ಪಾರ್ವತವ್ವ. "ಊಟಕ್ಕ ಕುಂತಿದ್ದೆ ನಾ."

"ಇನ್ನೊಮ್ಮೆ ಹೇಳು ತಮ್ಮಾ, ಅವ ಅಂದಂಗ" ಎಂದರು.

ರಾಘು ಇನ್ನೊಮ್ಮೆ ಹೇಳಿದ.